ಅದೇ ಸಂಚಿಕೆಯಲ್ಲಿ

ತನ್ನ ಕಥೆ ಅಚ್ಚಾದ ಸುದ್ದಿಯನ್ನು ನಾಲ್ಕು ಜನಕ್ಕೆ ಹೇಳುವುದು ಕೇಶವಪ್ರಸಾದನಿಗೆ ಈಚೆಗೆ ಕಥೆ ಬರೆಯುವುದಕ್ಕಿಂತ ದೊಡ್ಡ ಆಯಾಸವಾಗಿತ್ತು. ಬಂಟ್ವಾಳದ ಸಹಕಾರಿ ಸಂಘವೊಂದರಲ್ಲಿ ಅವನು ಗುಮಾಸ್ತ. ಮೊದಲೆಲ್ಲ ಅಂಚೆಯಲ್ಲಿ ಸಂಚಿಕೆ ಬಂದ ದಿನ ಮೇಜಿನಿಂದ ಮೇಜಿಗೆ ಹೋಗಿ ಪುಟ ಬಿಡಿಸಿ ತೋರಿಸುತ್ತಿದ್ದ. ಕಾರ್ಯದರ್ಶಿ ಪದ್ಮಯ್ಯನವರು ಕನ್ನಡಕ ಹಣೆಗೇರಿಸಿ, “ಓ, ನಿಮ್ಮ ಹೆಸರು ಹಾಕಿದ್ದಾರಲ್ಲ ಮಾರಾಯ್ರೆ!” ಎನ್ನುತ್ತಿದ್ದರು. ಹೆಸರಿನಿಂದ ಕೆಳಗೆ ಅವರ ಕಣ್ಣು ಇಳಿದದ್ದೇ ಇಲ್ಲ. ಮನೆಯಲ್ಲಿ ಹೆಂಡತಿ ವಾರಿಜಾಕ್ಷಿ, “ಬಂತಾ? ಒಳ್ಳೆದಾಯ್ತು” ಎಂದು ಒಲೆಯ ಕಡೆ ತಿರುಗುತ್ತಿದ್ದಳು. ಅವಳಿಗೆ ಕಥೆಗಳಲ್ಲಿ ಆಸಕ್ತಿ ಇರಲಿಲ್ಲ, ಇದ್ದಂತೆ ನಟಿಸಲು ಬರುತ್ತಲೂ ಇರಲಿಲ್ಲ. ಅದಕ್ಕಾಗಿ ಅವಳ ಮೇಲೆ ಅವನಿಗೆ ಬೇಸರವೂ ಇರಲಿಲ್ಲ.

ಉಳಿದವನು ಗುರುವಾಯನಕೆರೆಯ ರುಕ್ಮಯ್ಯ ಒಬ್ಬ. ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವಾಗ ಇಬ್ಬರಿಗೂ ಒಂದೇ ಕೋಣೆ, ಒಂದೇ ಹುಚ್ಚು. ಸಂಜೆ ಬಸದಿಯ ಮೆಟ್ಟಿಲಲ್ಲಿ ಕೂತು ಒಬ್ಬ ಬರೆದದ್ದನ್ನು ಇನ್ನೊಬ್ಬ ಓದುತ್ತಿದ್ದ. ಮೊದಲು ಅಚ್ಚಾದದ್ದು ರುಕ್ಮಯ್ಯನ ಕವಿತೆಯೇ. ಆದರೆ ತಂದೆ ತೀರಿಕೊಂಡ ಮೇಲೆ ಜೀನಸು ಅಂಗಡಿ ಅವನ ತಲೆಗೆ ಬಂತು. ಕಳಿಸಿದ ಕೆಲವು ಕವಿತೆಗಳು ಹಿಂದೆ ಬಂದವು. ಸಾವಿರದ ಒಂಬೈನೂರ ಎಪ್ಪತ್ತೈದರ ಹೊತ್ತಿಗೆ ಅವನು ಬರೆಯುವುದು ನಿಂತೇಹೋಗಿತ್ತು. ಯಾಕೆಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಕೇಶವಪ್ರಸಾದ ಮಾತ್ರ ತನ್ನದೇನಾದರೂ ಪ್ರಕಟವಾದಾಗಲೆಲ್ಲ ಸಂಚಿಕೆಯನ್ನು ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದ.

ಎಂಬತ್ತೆರಡರ ಬೇಸಗೆಯ ಒಂದು ಭಾನುವಾರವೂ ಹಾಗೆಯೇ ಹೊರಟ. ಸೀಟು ಸಿಕ್ಕಿತು. ತನ್ನ ಕಥೆಯ ಮೇಲೆ ಕಣ್ಣಾಡಿಸಿದ, ಮೊದಲ ಪುಟದಲ್ಲೇ ಮನಸ್ಸು ನಿಲ್ಲಲಿಲ್ಲ. ಹಾಳೆ ಮಗುಚುತ್ತ ಹೋದವನು ಒಂದು ಸಣ್ಣ ಕವಿತೆಯ ಬಳಿ ನಿಂತ. ಕೆಳಗೆ ‘ಕಾಂತಿ’ ಎಂದಷ್ಟೇ ಇತ್ತು. ಘಾಟಿ ಇಳಿದು ಬಂದ ಬಸ್ಸು, ಬ್ರೇಕಿನ ಸುಟ್ಟ ವಾಸನೆ, ತವರಿಗೆ ಹೋಗಲೆಂದು ನಿಂತು ಹೋಗದೆ ಹಿಂದಿರುಗುವ ಹೆಂಗಸು. ಎರಡು ಸಲ ಓದಿದ. ಇಷ್ಟು ವರ್ಷ ಬರೆದೂ ಇಂಥದ್ದೊಂದು ತನ್ನ ಕೈಯಿಂದ ಬರಲಿಲ್ಲ, ಇನ್ನು ಬರುವುದೂ ಇಲ್ಲ ಅನ್ನಿಸಿತು. ಹೊಟ್ಟೆಕಿಚ್ಚಾಗಲಿಲ್ಲ. ಸುಸ್ತಾಯಿತು.

ಭಾನುವಾರವಾದರೂ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ರುಕ್ಮಯ್ಯ ಇವನ ಕೈಯಲ್ಲಿದ್ದದ್ದನ್ನು ನೋಡಿಯೇ, “ಬಂದದ್ದಾ?” ಎಂದ.

“ಬಂತು.”

“ಬಾ, ಒಳಗೆ ಕೂತುಕೊಳ್ಳುವ. ಕಥೆ ಈಗ ಬೇಡ, ನಾನು ಮತ್ತೆ ಓದ್ತೇನೆ, ಆಗದಾ? ಕಣ್ಣು ಉರಿಯುತ್ತದೆ.”

“ಕಥೆ ಇರಲಿ. ಇಲ್ಲೊಂದು ಕವಿತೆ ಉಂಟು, ಕೇಳು.”

ಅಂಗಡಿಯ ಹಿಂದಿನ ಮನೆಯ ಚಾವಡಿಯ ಬೆಂಚಿನಲ್ಲಿ ಕೂತು ಕೇಶವಪ್ರಸಾದ ಗಟ್ಟಿಯಾಗಿ ಓದಿದ. ಮಜ್ಜಿಗೆ ತಂದ ರುಕ್ಮಯ್ಯನ ಹೆಂಡತಿ ಪ್ರೇಮಾವತಿ ಬಾಗಿಲಲ್ಲೇ ನಿಂತಳು. ಕಣ್ಣು ಮುಚ್ಚಿ ಕೇಳುತ್ತಿದ್ದ ರುಕ್ಮಯ್ಯ ಓದಿ ಮುಗಿದ ಮೇಲೂ ತೆರೆಯಲಿಲ್ಲ.

“ಯಾರದ್ದು?”

“ಯಾರೋ ಕಾಂತಿ ಅಂತೆ. ಹೊಸಬರಿರಬೇಕು.”

“ಒಳ್ಳೆಯದುಂಟು. ಇಂಥದ್ದು ಕೇಳಿದ್ರೆ ನಾನು ಬಿಟ್ಟದ್ದೇ ಸರಿ ಅನ್ನಿಸ್ತದೆ.”

ಅಷ್ಟರಲ್ಲಿ ಹೊರಗಿನಿಂದ ಯಾರೋ ಬೆಲ್ಲ ಕೇಳಿದರು. ಅವನು ಎದ್ದುಹೋದ. ಪ್ರೇಮಾವತಿ ಲೋಟ ಇಟ್ಟು, “ಕೇಶವಣ್ಣ, ಅದನ್ನೊಮ್ಮೆ ಕೊಡಿ” ಎಂದಳು. ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಸಣ್ಣದಾಯಿತು.

“ನಾನು ‘ಹೊಗೆ’ ಅಂತ ಬರೆದದ್ದು. ಪತ್ರಿಕೆಯವರು ‘ಹಗೆ’ ಅಂತ ಹಾಕಿದ್ದಾರೆ.”

ಹದಿಮೂರು ವರ್ಷಗಳಿಂದ ಕೇಶವಪ್ರಸಾದ ಈ ಮನೆಗೆ ಬಂದು ತನ್ನ ಕಥೆಗಳನ್ನು ಓದಿ ಹೇಳಿದ್ದ. ಚಾರ್ಮಾಡಿಯಿಂದ ಮದುವೆಯಾಗಿ ಬಂದ ಈ ಹೆಂಗಸನ್ನು ಒಂದು ದಿನವೂ ‘ನಿಮಗೆ ಹೇಗೆ ಕಂಡಿತು’ ಎಂದು ಕೇಳಿರಲಿಲ್ಲ.

“ನೀವಾ?” ಎಂದ ಕಡೆಗೆ.

“ಕಾಂತಿ ನನ್ನೊಟ್ಟಿಗೆ ಶಾಲೆಗೆ ಬರ್ತಿದ್ದವಳ ಹೆಸರು. ಮೂಡುಬಿದಿರೆಯ ಅಣ್ಣನ ವಿಳಾಸ ಕೊಟ್ಟದ್ದು, ಸಂಚಿಕೆ ಅಲ್ಲಿಗೆ ಹೋಗ್ತದೆ. ಇವರಿಗೆ ಹೇಳ್ಬೇಡಿ.”

“ಅವನಿಗೆ ಖುಷಿಯೇ ಆಗ್ತದೆ.”

“ನಿಮಗೆ ಗೊತ್ತಿಲ್ಲ. ನೀವು ಬಂದು ಹೋದ ಮೇಲೆ ಇವರು ಎರಡು ದಿನ ಯಾರ ಹತ್ತಿರವೂ ಮಾತಾಡುವುದಿಲ್ಲ.”

ಕುಡಿಯಲೆಂದು ಎತ್ತಿದ ಲೋಟವನ್ನು ಅವನು ಕೆಳಗಿಟ್ಟ. ಸ್ನೇಹ ಎಂದುಕೊಂಡು ಹೊತ್ತು ತರುತ್ತಿದ್ದದ್ದು ಇಲ್ಲಿ ಏನಾಗಿ ಇಳಿಯುತ್ತಿತ್ತು ಎಂಬುದು ಅವನಿಗೆ ತಿಳಿದಿರಲಿಲ್ಲ.

“ಹಾಗಾದ್ರೆ ನಾನು ಬರುವುದು ಬೇಡವಾ?”

“ಹಾಗಲ್ಲ. ನೀವು ಬರದಿದ್ರೆ ಇನ್ನೂ ಕಷ್ಟ, ದಾರಿ ನೋಡ್ತಾರೆ” ಎಂದು ಅವಳು ಸಂಚಿಕೆಯನ್ನು ಮಡಚಿ ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಅವನು ಅದನ್ನು ಅಲ್ಲೇ ಬಿಟ್ಟು ಬಂದ. ಯಾರಿಗೂ ಏನೂ ಹೇಳಲಿಲ್ಲ.

ಆ ಮೇಲೆ ಅವನು ಕಳಿಸಿದ ಕಥೆಗಳು ಹಿಂದೆ ಬಂದವು. ಹೇಳಲು ಸುದ್ದಿಯಿಲ್ಲದೆ ಗುರುವಾಯನಕೆರೆಗೆ ಹೋಗುವುದೂ ತಪ್ಪಿತು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಸಂಘದ ಬಾಗಿಲಲ್ಲಿ ರುಕ್ಮಯ್ಯನೇ ನಿಂತಿದ್ದ. ಅಂಗಡಿ ಮುಚ್ಚಿ ಅವನು ಬಂಟ್ವಾಳಕ್ಕೆ ಬಂದದ್ದು ಅದೇ ಮೊದಲು. ಪಕ್ಕದ ಹೋಟೆಲಿನಲ್ಲಿ ಚಹಾ ಹೇಳಿ ಕೂತ ಮೇಲೆ ಚೀಲದಿಂದ ಒಂದು ಮಾಸಪತ್ರಿಕೆ ತೆಗೆದು ಮೇಜಿನ ಮೇಲಿಟ್ಟ.

“ಪ್ರೇಮಳ ಕವಿತೆ ಬಂದಿದೆ. ಅವಳು ಬರೆಯುವುದು ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು. ಆ ಭಾನುವಾರದಿಂದ.”

ರುಕ್ಮಯ್ಯ ತಲೆಯಾಡಿಸಿದ. ಮೂಡುಬಿದಿರೆಗೆ ಹೋದಾಗ ಭಾವನ ಮನೆಯ ಮಕ್ಕಳು ‘ಅತ್ತೆಯ ಕವಿತೆ’ ಎಂದು ತೋರಿಸಿದ್ದವಂತೆ. ಮನೆಗೆ ಬಂದವನು ಒಂದು ವಾರ ಮಾತು ಬಿಟ್ಟಿದ್ದನಂತೆ.

“ಬರೆದದ್ದಕ್ಕೆ ಕೋಪ ಬಂದದ್ದಲ್ಲ ಮಾರಾಯ. ನಾನು ಅಷ್ಟು ಸಣ್ಣ ಮನುಷ್ಯ ಅಂತ ಅವಳು ತಿಳಿದಳಲ್ಲ, ಅದಕ್ಕೆ. ಮತ್ತೆ ಯೋಚನೆ ಮಾಡಿದೆ. ಅವಳು ತಿಳಿದದ್ದು ತಪ್ಪಲ್ಲ. ಮಾತು ಬಿಟ್ಟು ನಾನೇ ತೋರಿಸಿಕೊಟ್ಟೆನಲ್ಲ?”

ಕೇಶವಪ್ರಸಾದ ಚಹಾ ಕುಡಿದ.

“ನಿನ್ನೆ ಹೇಳಿದೆ, ಇನ್ನು ನಿನ್ನ ಹೆಸರಲ್ಲೇ ಕಳಿಸು, ಅಂಗಡಿಯ ವಿಳಾಸ ಕೊಡು ಅಂತ.”

“ಅವರೆಂತ ಹೇಳಿದ್ರು?”

“‘ನೋಡುವ’ ಅಂದಳು. ಅಷ್ಟೇ. ದೊಡ್ಡ ಖುಷಿಯೇನೂ ಕಾಣಲಿಲ್ಲ. ಹೇಳುವುದು ತಡವಾಯ್ತೋ ಏನೋ.”

ಬಸ್ಸು ನಿಲ್ಲುವಲ್ಲಿಗೆ ಇಬ್ಬರೂ ನಡೆದುಕೊಂಡು ಬಂದರು. ರುಕ್ಮಯ್ಯನ ಕೂದಲು ಕಿವಿಯ ಮೇಲೆ ಪೂರ್ತಿ ಬಿಳಿಯಾಗಿತ್ತು. ಇದು ಯಾವಾಗ ಆಯಿತೋ, ಕೇಶವಪ್ರಸಾದ ನೋಡಿರಲಿಲ್ಲ.

“ನಿನ್ನದು ಎಂತದ್ದೂ ಬರಲಿಲ್ಲವಾ ಈಚೆಗೆ?”

“ಇಲ್ಲ. ಎಲ್ಲ ಹಿಂದೆ ಬಂತು.”

“ಆದ್ರೂ ಬರಬಹುದಿತ್ತಲ್ಲ ಮಾರಾಯ. ಮನೆಗೆ ಬರ್ಲಿಕ್ಕೆ ಸುದ್ದಿ ಬೇಕಾ?”

ಗುರುವಾಯನಕೆರೆಯ ಮೇಲೆ ಹೋಗುವ ಬೆಳ್ತಂಗಡಿಯ ಬಸ್ಸು ಜನರನ್ನು ತುಂಬಿಕೊಂಡು ಬಂತು. ರುಕ್ಮಯ್ಯ ಚೀಲವನ್ನು ಎದೆಗೆ ಒತ್ತಿಕೊಂಡು ಹೇಗೋ ಒಳಗೆ ನುಗ್ಗಿದ. ಕಂಡಕ್ಟರ್ ಸೀಟಿ ಊದಿದ. ಕೇಶವಪ್ರಸಾದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಮುಂದಿನ ಭಾನುವಾರ ಬರಿಗೈಯಲ್ಲಿ ಹೋಗಿಬರುವುದೆಂದು ಮನಸ್ಸಿನಲ್ಲೇ ಅಂದುಕೊಂಡು ಸಂಘದ ಕಡೆಗೆ ಹೆಜ್ಜೆ ಹಾಕಿದ.