ಏಳುನೂರ ಐವತ್ತಕ್ಕೆ ಗಂಡ ಬೇಡ

೧.

ಇದನ್ನು ಎಲ್ಲಿಂದ ಶುರು ಮಾಡಲಿ? ಮೊದಲ ಕರಡು ಹೀಗೆ ಶುರುವಾಗಿತ್ತು: "ದುಡಿಯುವವರ ಬೆವರಿಗೆ ಮೂರಂಕಿಯ ಬೆಲೆಚೀಟಿ ಅಂಟಿಸುವ ಈ ವ್ಯವಸ್ಥೆಯ ವಿರುದ್ಧ..." ನಮ್ಮ ಭಾನುವಾರದ ಓದು ಬಳಗದಲ್ಲಿ ಓದಿದೆ. ಎಲ್ಲರೂ ತಲೆಯಾಡಿಸಿದರು. ಅದು ತೂಕಡಿಕೆ ಎಂದು ಚಹಾ ಬಂದಾಗ ತಿಳಿಯಿತು.

ಹರಿದು ಹಾಕಿದೆ. (ಅಂದರೆ ಡಿಲೀಟ್ ಮಾಡಿದೆ. ಹರಿದೆ ಎಂದರೆ ಸ್ವಲ್ಪ ಕ್ರಾಂತಿಯಂತೆ ಕೇಳಿಸುತ್ತದೆ.)

೧. (ಮತ್ತೆ)

೨೦೧೮. ಬೊಮ್ಮಸಂದ್ರ. ವಾರದ ರಜೆಯ ದಿನ. ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ಲೈನಿನಲ್ಲಿ ದುಡಿಯುವ ಮಹಾನಂದಾ, ಸೈಬರ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಪ್ಯಾನ್ ಕಾರ್ಡ್ ಹಿಡಿದು ಕೂತಿದ್ದಳು. ಸೆಂಟರ್ ಹರ್ಷವರ್ಧನನದು. ಅದರ ಹಿಂದೆ ಸಾಲಾಗಿರುವ ಹದಿನಾರು ಶೀಟಿನ ಮನೆಗಳು ಅವನ ಅಪ್ಪ ಚಿಕ್ಕಬೈರಪ್ಪನವರದು. ಅವುಗಳಲ್ಲಿ ಒಂದರಲ್ಲಿ ಮಹಾನಂದಾಳೂ ಇನ್ನೈದು ಹೆಂಗಸರೂ ಇದ್ದರು.

ಮುಂದಿನ ತಿಂಗಳಿಂದ ಅವಳು ಫಸ್ಟ್ ಶಿಫ್ಟಿನ ಲೈನ್ ಲೀಡರ್. ಬೆಳಿಗ್ಗೆ ಆರಕ್ಕೆ ಹದಿನೈದು ನಿಮಿಷ ಇರುವಾಗಲೇ ಹೊಸ ಯುನಿಟ್ಟಿನ ಗೇಟಿನಲ್ಲಿರಬೇಕು. ಅಷ್ಟು ಹೊತ್ತಿಗೆ ಅತ್ತ ಹೋಗುವ ಬಸ್ಸಿಲ್ಲ. ಸ್ಕೂಟರ್ ಇಲ್ಲದಿದ್ದರೆ ಆ ಕೆಲಸ ಇನ್ನೊಬ್ಬರಿಗೆ.

ಶೋರೂಮಿನವನು ನಗುನಗುತ್ತ ಹೇಳಿದ್ದ: "ಲೋನಿಗೆ ಸಿಬಿಲ್ ಸ್ಕೋರ್ ಏಳ್ನೂರೈವತ್ತಿದ್ರೆ ನಿಮ್ಮ ಸೈನ್ ಸಾಕು ಮೇಡಂ. ಕಮ್ಮಿ ಇದ್ರೆ ಹಸ್ಬೆಂಡ್ ಬಂದು ಗ್ಯಾರಂಟಿ ಹಾಕ್ಬೇಕು. ಶನಿವಾರದೊಳಗೆ ರಿಪೋರ್ಟ್ ತನ್ನಿ."

ಹಸ್ಬೆಂಡ್ ಪರಮಾನಂದ ಪೀಣ್ಯದಲ್ಲಿದ್ದ. ಅವನ ಕೈ ಮೂರನೆಯ ಸಲ ಮೇಲೆದ್ದ ದಿನ ಮಹಾನಂದಾ ಹೊರಬಿದ್ದು ಬೊಮ್ಮಸಂದ್ರಕ್ಕೆ ಬಂದಿದ್ದಳು. ಅದು ಊರಿನ ಆ ತುದಿ, ಇದು ಈ ತುದಿ. ಬೆಂಗಳೂರು ಇಷ್ಟೊಂದು ಬೆಳೆದದ್ದರಿಂದ ಅವಳಿಗಾದ ಲಾಭ ಅದೊಂದೇ.

(ಪರಮಾನಂದನನ್ನೂ ಕಥೆಯೊಳಗೆ ಕರೆಯೋಣ ಎಂದುಕೊಂಡಿದ್ದೆ. ಸಂಘರ್ಷ ಬೇಕಲ್ಲ. "ಅವ ಒಳಗ ಬಂದ್ರ ನಾ ಹೊರಗ ಹೊಕ್ಕೀನಿ ನೋಡ್ರಿ" ಎಂದಳು ಮಹಾನಂದಾ. ಕರೆಯಲಿಲ್ಲ.)

೩.

(ಎರಡನ್ನು ಹುಡುಕಬೇಡಿ. ಅದರಲ್ಲಿ ಬಡ್ಡಿಯ ಇತಿಹಾಸವಿತ್ತು, ಆರು ಪುಟ. "ಇದನ್ನ ಓದೋರಿಗೆ ನೀವ ರೊಕ್ಕಾ ಕೊಡ್ತೀರೇನ್ರಿ?" ಎಂದು ಮಹಾನಂದಾ ಕೇಳಿದಳು.)

ಹರ್ಷ ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರ್ ಎಲ್ಲ ಒತ್ತಿದ. "ಅಕ್ಕಾ, ಓಟಿಪಿ ಹೇಳಿ."

"ಬಂದಿಲ್ಲಲ್ಲೊ."

"ಕೊನೇಲಿ ನಾಲ್ಕು ಎರಡು ಇರೋ ನಂಬರ್‌ಗೆ ಹೋಗಿದೆ ನೋಡಿ."

ಅದು ರೂಮಿನ ಗೆಳತಿ ಸವಿತಾಳ ನಂಬರು. ತಪ್ಪಾಗಿದ್ದು ಅಲ್ಲಿ, ಅದೂ ಎರಡು ವರ್ಷದ ಹಿಂದೆ. ಆರೂ ಜನ ಸೇರಿ ರೂಮಿಗೆ ಕಂತಿನ ಮೇಲೆ ಫ್ರಿಜ್ ತಂದಾಗ ಪ್ಯಾನ್ ಕಾರ್ಡ್ ಇದ್ದವಳು ಮಹಾನಂದಾ ಒಬ್ಬಳೇ. ಸದಾ ಕರೆನ್ಸಿ ಇರುತ್ತಿದ್ದದ್ದು ಸವಿತಾಳ ಫೋನಿನಲ್ಲಿ ಮಾತ್ರ. ಹೆಸರು ಇವಳದು, ನಂಬರ್ ಅವಳದು ಕೊಟ್ಟರು. ಗ್ಯಾಸಿಗೂ ಬ್ಯಾಂಕಿಗೂ ಅದನ್ನೇ ಕೊಟ್ಟರು. ಸರ್ಕಾರದಿಂದ ಹಿಡಿದು ಸೀರೆ ಅಂಗಡಿಯವರೆಗೆ, ಯಾರ ದೃಷ್ಟಿಯಲ್ಲಿ ನೋಡಿದರೂ ಆ ಆರು ಹೆಂಗಸರು ಒಂದೇ ಫೋನು.

ಸವಿತಾ ಈಗ ಶಿಫ್ಟಿನಲ್ಲಿದ್ದಳು. ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ. ಗೇಟಿನಲ್ಲಿ ಜಾಲರಿಯ ಬೀರು, ಒಳಗೆ ಸಾಲು ಸಾಲು ಫೋನುಗಳು, ಹೊರಗೆ ಬೀಗ, ಬೀಗದ ಮುಂದೆ ಸೆಕ್ಯೂರಿಟಿ ಯಮನಪ್ಪ.

"ಹತ್ತೇ ನಿಮಿಷ ಅಕ್ಕಾ!" ಎಂದ ಹರ್ಷ. ಮಹಾನಂದಾ ಓಡಿದಳು.

"ಟೋಕನ್ ತಾ," ಎಂದ ಯಮನಪ್ಪ.

"ಟೋಕನ್ ಸವಿತಾನ ಕಡೆ ಐತಿ ಕಾಕಾ. ಫೋನ್ ಕೊಡಬ್ಯಾಡ. ಅದರ ಮ್ಯಾಲ ಮೂಡಿದ್ದು ಓದಿ ಹೇಳು, ಸಾಕು."

ಯಮನಪ್ಪ ಯೋಚಿಸಿದ. ಫೋನ್ ಕೊಡಬಾರದು ಎಂದು ಗೋಡೆಯ ಮೇಲೆ ಬರೆದಿತ್ತು. ನೋಡಬಾರದು ಎಂದು ಬರೆದಿರಲಿಲ್ಲ. ಕನ್ನಡಕ ಏರಿಸಿ ಜಾಲರಿಗೆ ಮೂಗು ಒತ್ತಿದ.

"ಹರ್ಷಾ, ಮತ್ತೊಮ್ಮೆ ಕಳಸು!" ಎಂದಳು ಮಹಾನಂದಾ ತನ್ನ ಫೋನಿಗೆ.

ಬೀರುವಿನಲ್ಲಿ ಬೆಳಕು ಹತ್ತಿತು. "ನಾಕು... ಒಂದು... ಒಂಬತ್ತು..." ಅಷ್ಟರಲ್ಲಿ ಎಚ್ಆರ್ ಸಾಹೇಬರ ಕಾರು ಬಂತು. ಯಮನಪ್ಪ ಮೂಗು ಕಿತ್ತುಕೊಂಡು ಸೆಲ್ಯೂಟ್ ಹೊಡೆದ. ಕಾರು ಒಳಗೆ ಹೋಗುವಷ್ಟರಲ್ಲಿ ಫೋನು ಕತ್ತಲಾಗಿತ್ತು.

ಇನ್ನೊಮ್ಮೆ ಕಳಿಸಿದ ಹರ್ಷ. ಈ ಸಲ ಯಮನಪ್ಪ ಆರೂ ಅಂಕಿ ಒಂದೇ ಉಸಿರಿಗೆ ಹೇಳಿ ಮುಗಿಸಿದ. "ಏನಿದು, ಲಾಟರಿ ಏನ್ ತಂಗಿ?" ಎಂದು ಕೂಗಿದ. ಅವಳು ಆಗಲೇ ರಸ್ತೆ ದಾಟುತ್ತಿದ್ದಳು.

೪.

ಪರದೆಯ ಮೇಲ್ತುದಿಯಲ್ಲಿ, ಅಂಕ ಬರಬೇಕಾದ ಜಾಗದಲ್ಲಿ, ಒಂದು ಚಕ್ರ ಸುತ್ತುತ್ತಿತ್ತು. ಕೆಳಗೆ ಫ್ರಿಜ್ಜಿನ ಸಾಲು ಮಾತ್ರ ತೆರೆದಿತ್ತು. ಹನ್ನೆರಡು ತಿಂಗಳ ಕಂತು, ಹನ್ನೆರಡು ಚೌಕ. ಸೊನ್ನೆ ಸೊನ್ನೆ ಸೊನ್ನೆ. ಮತ್ತೆ ಸೊನ್ನೆ ಸೊನ್ನೆ ಸೊನ್ನೆ.

ಮಹಾನಂದಾ ಪರದೆಗೆ ಬೆರಳು ಕುಟ್ಟಿದಳು. "ಬರೇ ಸೊನ್ನಿ ಹಾಕ್ಯಾರಲ್ಲೊ! ಅಷ್ಟೂ ಕಟ್ಟೀವಲ್ಲ!"

"ಅಯ್ಯೋ ಅಕ್ಕಾ, ಅದು ಎಷ್ಟು ದಿನ ಲೇಟು ಅಂತ. ಸೊನ್ನೆ ಅಂದ್ರೆ ಸಕ್ಕತ್. ನಂದು ನೋಡ್ಬೇಕು ನೀವು, ಒಂದ್ ಸೊನ್ನೆ ಇಲ್ಲ. ಬೈಕ್‌ದು, ಐಫೋನ್‌ದು, ಎಲ್ಲಾ ತೊಂಬತ್ತು. ನಮ್ಮಪ್ಪಂಗೆ ಹೇಳ್ಬೇಡಿ."

ಒಂದೇ ಒಂದು ಚೌಕದಲ್ಲಿ ಒಂಬತ್ತು ಎಂದಿತ್ತು. ೨೦೧೬, ಡಿಸೆಂಬರ್.

ಮಹಾನಂದಾಳಿಗೆ ಆ ತಿಂಗಳು ನೆನಪಾಯಿತು. ಪಗಾರದ ದಿನ ಆರೂ ಜನ ತಮ್ಮ ಪಾಲನ್ನು ಬಿಸ್ಕತ್ತಿನ ಡಬ್ಬಿಗೆ ಹಾಕುವುದು ರೂಮಿನ ಪದ್ಧತಿ. ಡಬ್ಬಿ ತುಂಬ ಐನೂರರ ನೋಟು, ಆ ನೋಟುಗಳೇ ರದ್ದು. ಸರತಿಯಲ್ಲಿ ನಿಂತರೆ ಶಿಫ್ಟ್ ಹೋಗುತ್ತಿತ್ತು, ಶಿಫ್ಟಿಗೆ ಹೋದರೆ ಸರತಿ. ಆರು ಹೆಂಗಸರು ಪಾಳಿ ಹಾಕಿಕೊಂಡು ನಿಂತರೂ ಒಂಬತ್ತು ದಿನ. ನೋಟು ರದ್ದು ಮಾಡಿದವರ ಹೆಸರಿನ ಮುಂದೆ ಯಾವ ಚೌಕದಲ್ಲೂ ಯಾವ ಅಂಕಿಯೂ ಇಲ್ಲ. ಒಂಬತ್ತು ಇರುವುದು ಮಹಾನಂದಾಳ ಹೆಸರಿನ ಮುಂದೆ. (ಹರಿದು ಹಾಕಿದ ಆರು ಪುಟದ ಸಾರ ಇಷ್ಟೇ. ಮುಗಿಸಿದೆ.)

೫.

ಚಕ್ರ ನಿಂತಿತು. ನಾನು ಬರೆದೆ: ಏಳುನೂರ ನಲವತ್ತೊಂಬತ್ತು.

ಎಂಥ ಅಂತ್ಯ ನೋಡಿ! ಒಂದೇ ಒಂದು ಅಂಕ ಕಮ್ಮಿ! ಬಳಗದಲ್ಲಿ ಈ ಸಲ ಯಾರೂ ತೂಕಡಿಸುವುದಿಲ್ಲ.

"ಯಾಕ್ರೀ ಒಂದ ಕಮ್ಮಿ?" ಮಹಾನಂದಾ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು.

"ನೋಡಮ್ಮಾ, ವ್ಯವಸ್ಥೆಯ ಕ್ರೌರ್ಯ ಓದುಗರಿಗೆ..."

"ವ್ಯವಸ್ಥಾ ಎಲ್ಲೈತ್ರಿ ಇಲ್ಲೆ? ಬರಿಯಾಕತ್ತಿದ್ದು ನಿಮ್ಮ ಕೈ. ನಿಮ್ಮ ಕಥಿ ಚಂದ ಆಗ್ಲಿ ಅಂತ ನಾ ಹೋಗಿ ಆ ಗಂಡನ ಮುಂದ ನಿಂದರಬೇಕೇನು?"

ಅಳಿಸಿದೆ. ಏಳುನೂರ ಎಂಬತ್ತೊಂದು ಎಂದು ಬರೆದೆ. "ಈಗ ಖುಷಿನಾ?"

"ಇದೂ ನಿಮ್ಮ ದಾನಾನ. ನಾ ನನ್ನದು ಎಷ್ಟು ಅಂತ ಕೇಳೀನಿ. ನಿಮ್ಮ ಕಡೆ ಬೇಡಿಲ್ಲ." ಆಮೇಲೆ ಹರ್ಷನಿಗೆ ಹೇಳಿದಳು: "ಇವರದೂ ಒಂದು ರಿಪೋರ್ಟ್ ತಗೀಪಾ."

ತೆಗೆದೇಬಿಟ್ಟ. ಲೇಖಕನ ಖಾತೆಗಳು, ಹಳೆಯ ಕಥೆಗಳಿಂದ:

ಯಂಕಪ್ಪ, ಲೇತ್ ಆಪರೇಟರ್. ಎರಡನೆಯ ಪುಟದಲ್ಲಿ ಬೆರಳು ತುಂಡಾಯಿತು. ಪರಿಹಾರ ಕೊಡಿಸುವುದಾಗಿ ಹೇಳಿ ಕಥೆ ಮುಗಿಸಲಾಗಿದೆ. ವಿಳಂಬ: ಏಳು ವರ್ಷ.

ಮುನಿಯಕ್ಕ, ಪೌರಕಾರ್ಮಿಕೆ. ಕೊನೆಯ ಸಾಲಿನಲ್ಲಿ ಸಾಯಿಸಲಾಗಿದೆ. ಕಾರಣ: ಪರಿಣಾಮ.

ಮರೆಪ್ಪ, ಗಾರೆ ಕೆಲಸ. ಇನ್ನೂ ಹದಿನಾಲ್ಕನೆಯ ಮಹಡಿಯ ಸಾರುವೆಯ ಮೇಲೆ ನಿಂತಿದ್ದಾನೆ. ಇಳಿಸುವುದನ್ನು ಲೇಖಕ ಮರೆತಿದ್ದಾನೆ.

"ಗುರುಗಳೇ," ಎಂದ ಹರ್ಷ, "ನಿಮ್ಗೆ ಸೈಕಲ್ಲೂ ಕೊಡಲ್ಲ ಯಾರೂ."

೭.

(ಆರರಲ್ಲಿ ನನ್ನ ಸಮಜಾಯಿಷಿ ಇತ್ತು. ಅದನ್ನೂ ಹರಿದು ಹಾಕಿದೆ.)

ಪ್ರಿಂಟರ್ ಕೆಮ್ಮಿತು. ಹಾಳೆ ಮಗುಚಿಕೊಂಡು ಹೊರಬಂತು. ಹರ್ಷ ಮುಟ್ಟುವ ಮೊದಲೇ ಮಹಾನಂದಾ ಎತ್ತಿಕೊಂಡಳು, ಗೋಡೆಯ ಕಡೆ ತಿರುಗಿ ಓದಿದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೆನ್ನುಗಳ ಬಗ್ಗೆ ನಾನು ಬಹಳ ಬರೆದಿದ್ದೇನೆ. ಇದು ಏನನ್ನೂ ಹೇಳಲಿಲ್ಲ.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪ್ಯಾನ್ ಕಾರ್ಡಿನ ಪೌಚಿಗೆ ತುರುಕಿದಳು.

"ಎಷ್ಟು?" ಎಂದೆ.

"ಹತ್ತು ರೂಪಾಯಿ," ಎಂದು ಹರ್ಷನಿಗೆ ನೋಟು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಶನಿವಾರ ಶೋರೂಮಿಗೆ ನಾ ಒಬ್ಬಾಕಿನ ಹೊಕ್ಕೀನಿ. ನೀವು ಹಿಂದ ಬರಬ್ಯಾಡ್ರಿ. ಆ ಸಾರುವಿ ಮ್ಯಾಲಿನ ಮರೆಪ್ಪಣ್ಣನ್ನ ಮೊದಲ ಇಳಸ್ರಿ, ಗಾಳಿ ಭಾಳ ಐತಿ."

ಆದ್ದರಿಂದ ಓದುಗರೇ, ಅಂಕ ನನಗೆ ಗೊತ್ತಿಲ್ಲ. ನೀವು ಮನಸ್ಸಿನಲ್ಲಿ ಆಗಲೇ ಒಂದು ಹಾಕಿಕೊಂಡಿದ್ದರೆ, ಹಾಕುವ ಅಧಿಕಾರ ಕೊಟ್ಟವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಬಾಗಿಲು ದಾಟಿದವಳು ತಿರುಗಿ ತಲೆ ಒಳಗೆ ಹಾಕಿದಳು. "ಹರ್ಷಾ, ಹೆಲ್ಮೆಟ್ ಎಷ್ಟಕ್ಕ ಸಿಗತಾವು?"

"ಒಂದಾ ಅಕ್ಕಾ?"

"ಎರಡು. ಸವಿತಾ ಹಿಂದ ಕುಂಡ್ರತಾಳ."

(ಬೆಲೆ ಕೇಳುವುದಕ್ಕೆ ಯಾರ ಸ್ಕೋರೂ ಬೇಕಿಲ್ಲ. ಇದನ್ನು ಸುಖಾಂತ್ಯ ಎಂದು ದಯವಿಟ್ಟು ಯಾರೂ ಬರೆದುಕೊಳ್ಳಬೇಡಿ. ನಾನು ಮರೆಪ್ಪನಿಗೆ ಏಣಿ ತರಲು ಹೊರಟಿದ್ದೇನೆ.)