ಕೀರ್ತಿಕುಮಾರನ ಲ್ಯಾಪ್‌ಟಾಪ್

ನಾಗಾರ್ಜುನನನ್ನು ಮದುವೆಯಾಗಿ ಶಿರಂಗಾಲಕ್ಕೆ ಬಂದಾಗ ಸುಧಾ ಬಟ್ಟೆಬರೆಯ ಜೊತೆಗೆ ಒಂದು ಹಳೆಯ ಲ್ಯಾಪ್‌ಟಾಪನ್ನೂ ತಂದಿದ್ದಳು. ಅದು ಅವಳ ಮೊದಲ ಗಂಡ ಕೀರ್ತಿಕುಮಾರನದು. ಆತ ಶನಿವಾರಸಂತೆಯವನು. ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ. ಶಿರಂಗಾಲದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದ ನಾಗಾರ್ಜುನ ಇದೆಲ್ಲ ಗೊತ್ತಿದ್ದೇ, ಇಷ್ಟಪಟ್ಟೇ ಅವಳ ಕೈಹಿಡಿದಿದ್ದ. ಸತ್ತವನೊಬ್ಬನ ಮೇಲೆ ತನಗೆ ಹೊಟ್ಟೆಕಿಚ್ಚು ಹುಟ್ಟಬಹುದೆಂದು ಅವನು ಎಣಿಸಿರಲಿಲ್ಲ.

ಸಂಜೆ ಹೊತ್ತು ಸುಧಾ ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಲ್ಯಾಪ್‌ಟಾಪ್ ತೆರೆದರೆ ಮೊದಲು ಕಾಣುವುದು ಕೀರ್ತಿಕುಮಾರನ ಹೆಸರು, ಅದರ ಮೇಲೆ ದುಂಡಗೆ ಕತ್ತರಿಸಿದ ಅವನ ಮುಖ. ಕೆಳಗಿನ ಖಾಲಿ ಜಾಗದಲ್ಲಿ ಸುಧಾಳ ಬೆರಳುಗಳು ಪಾಸ್‌ವರ್ಡ್ ಒತ್ತುತ್ತಿದ್ದವು, ಅವಳು ಅತ್ತ ನೋಡುವ ಅಗತ್ಯವೂ ಇರಲಿಲ್ಲ. ಆ ಪಾಸ್‌ವರ್ಡ್ ಅವರ ಮದುವೆಯ ದಿನವೋ, ಅವನು ಅವಳನ್ನು ಕರೆಯುತ್ತಿದ್ದ ಹೆಸರೋ ಎಂದು ನಾಗಾರ್ಜುನ ಅಂಗಡಿಯಲ್ಲಿ ಗೊಬ್ಬರದ ಮೂಟೆ ಇಳಿಸಿಕೊಳ್ಳುವಾಗಲೂ ಯೋಚಿಸುತ್ತಿದ್ದ. ಹೊಸದೊಂದು ಕೊಡಿಸುತ್ತೇನೆಂದು ಹೇಳಿಯೂ ನೋಡಿದ. ಇದೇ ಚೆನ್ನಾಗಿದೆಯಲ್ಲ ಎಂದಳು ಅವಳು. ಆ ಮಾತು ಅವನ ಮನಸ್ಸಿನಲ್ಲೇ ಕೂತುಬಿಟ್ಟಿತು. ತಾನು ಅವಳಿಗಾಗಿ ಹುಡುಕಿ ತಂದ ಯಾವುದನ್ನಾದರೂ ಅವಳು ಇಷ್ಟು ಹಚ್ಚಿಕೊಂಡಿದ್ದಾಳೆಯೇ ಎಂದು ಮನೆಯೆಲ್ಲ ಕಣ್ಣಾಡಿಸಿದ.

ಈ ವರ್ಷ ಆ ಹಳೆಯ ವಿಂಡೋಸ್‌ಗೆ ಇನ್ನು ಅಪ್ಡೇಟ್ ಇಲ್ಲವೆಂಬ ಸೂಚನೆ ತೆರೆಯ ಮೇಲೆ ಮತ್ತೆ ಮತ್ತೆ ಬರತೊಡಗಿತು. ಪಾಠದ ಮಧ್ಯೆಯೇ ಲ್ಯಾಪ್‌ಟಾಪ್ ನಿಂತುಹೋಗುತ್ತಿತ್ತು. ಕುಶಾಲನಗರಕ್ಕೆ ಹೋಗುವಾಗ ಮಂಜುನಾಥನ ರಿಪೇರಿ ಅಂಗಡಿಯಲ್ಲಿ ಹೊಸದು ಹಾಕಿಸಿಕೊಂಡು ಬನ್ನಿ ಎಂದು ಸುಧಾ ಗಂಡನಿಗೆ ಹೇಳಿದಳು. ಒಳಗಿರುವುದನ್ನೆಲ್ಲ ಮೊದಲು ಕಾಪಿ ಮಾಡಿಸಲು ಒಂದು ಪೆನ್‌ಡ್ರೈವನ್ನೂ ಕೊಟ್ಟಳು.

ಮಂಜುನಾಥ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದ. ಹಳೆಯ ಮಿಷನ್ನು, ಹೊಸ ವಿಂಡೋಸ್ ಇದಕ್ಕೆ ಹಿಡಿಯುವುದಿಲ್ಲ, ಅದರ ಬದಲು ಲಿನಕ್ಸ್ ಹಾಕಿದರೆ ಪಾಠಕ್ಕೆ ಧಾರಾಳವಾಯಿತು ಎಂದ. ಒಳಗಿರುವುದನ್ನು ಎಲ್ಲಿಗೆ ಕಾಪಿ ಮಾಡಲಿ ಎಂದು ಕೇಳಿದ.

ಪೆನ್‌ಡ್ರೈವ್ ನಾಗಾರ್ಜುನನ ಅಂಗಿಯ ಜೇಬಿನಲ್ಲಿತ್ತು.

"ಏನೂ ಬೇಡ," ಎಂದ.

"ಫೋಟೋ ಎಲ್ಲ ಇದಾವೆ ಅಣ್ಣ. ಅಳಿಸಿದ್ರೆ ವಾಪಸ್ ಬರಲ್ಲ."

"ಗೊತ್ತು. ಅಳಿಸಿ."

ಕೆಲಸ ಮುಗಿಯುವವರೆಗೂ ಅವನು ಅಲ್ಲಿಂದ ಏಳಲಿಲ್ಲ. ಆ ಹೆಸರು, ಆ ಮುಖ ಮತ್ತೆ ಬರಲಿಲ್ಲ. ಕೂಡಿಗೆ ಊರನ್ನು ದಾಟಿ ಬೈಕಿನಲ್ಲಿ ಬರುವಾಗ ಅವನಿಗೆ ಎಷ್ಟೋ ದಿನದಿಂದ ಮನೆಯಲ್ಲಿ ಉಳಿದಿದ್ದ ನೆಂಟನನ್ನು ಬಸ್ಸು ಹತ್ತಿಸಿ ಬಂದಷ್ಟು ಹಗುರವಾಗಿತ್ತು.

ಮನೆಯಲ್ಲಿ ಸುಧಾ ಲ್ಯಾಪ್‌ಟಾಪ್ ತೆರೆದು ಅಲ್ಲಿ ಇಲ್ಲಿ ಹುಡುಕಿದಳು. ಫೈಲುಗಳೆಲ್ಲಿ ಎಂದು ಕೇಳಿದಳು. ಡಿಸ್ಕ್ ಕೆಟ್ಟಿತ್ತಂತೆ, ಏನೂ ಉಳಿಯಲಿಲ್ಲವಂತೆ ಎಂದುಬಿಟ್ಟ ನಾಗಾರ್ಜುನ. ಏನಾದರೂ ದಾರಿಯಿದೆಯೇ ಎಂದು ಅವಳು ಮಂಜುನಾಥನಿಗೇ ಫೋನ್ ಮಾಡಿದಳು. ಡಿಸ್ಕ್ ಸರಿಯಾಗಿಯೇ ಇತ್ತು, ಯಜಮಾನರೇ ಬೇಡವೆಂದರು ಎಂದು ಆತ ಇದ್ದದ್ದನ್ನು ಹೇಳಿದ.

ಸುಧಾ ಫೋನ್ ಕೆಳಗಿಟ್ಟಳು. ಪಾಠದ ಹೊತ್ತಾಗಿತ್ತು. ಅವಳು ಕಷ್ಟಪಟ್ಟು ಮಾಡಿಟ್ಟಿದ್ದ ಪಾಠಗಳೂ ಅಳಿದುಹೋಗಿದ್ದರಿಂದ ಪುಸ್ತಕ ಕೈಯಲ್ಲಿ ಹಿಡಿದೇ ಮಕ್ಕಳಿಗೆ ವೃತ್ತದ ಪ್ರಮೇಯ ಹೇಳಿಕೊಟ್ಟಳು. ಹಜಾರದಲ್ಲಿ ಕೂತ ನಾಗಾರ್ಜುನನಿಗೆ ಅವಳ ದನಿ ಎಂದಿನಂತೆಯೇ ಕೇಳುತ್ತಿತ್ತು. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ಪಾಠ ಮುಗಿಸಿ ಬಂದು ಅವನೆದುರು ಕೂತಳು.

"ಅವರ ಹೆಸರು ಕಾಣೋದು ನಿಮಗೆ ಕಷ್ಟ ಅಂತ ಒಂದ್ ಮಾತು ಹೇಳಿದ್ರೆ ನಾನೇ ತೆಗೀತಿದ್ದೆ."

"ಹೇಳಿದ್ರೆ ನೀನು ನನ್ನ ಬಗ್ಗೆ ಏನ್ ಅಂದ್ಕೋತಿಯೋ ಅಂತ ಸುಮ್ನಿದ್ದೆ."

"ಈಗ ಏನ್ ಅಂದ್ಕೊಳ್ಳಲಿ?"

ಆಮೇಲೆ ಮನೆಯಲ್ಲಿ ಊಟಕ್ಕೆ ಬನ್ನಿ, ಗ್ಯಾಸ್ ಬಂತು ಎನ್ನುವಷ್ಟೇ ಮಾತು ಉಳಿಯಿತು.

ಭಾನುವಾರ ನಾಗಾರ್ಜುನ ಅಂಗಡಿ ಮುಚ್ಚಿ, ಸುಧಾಳಿಗೆ ಹೇಳದೆ ಶನಿವಾರಸಂತೆಗೆ ಹೋದ. ಕೀರ್ತಿಕುಮಾರನ ತಾಯಿ ಕಾಂತಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಾನು ಯಾರೆಂದು, ಏನು ಮಾಡಿದೆನೆಂದು ನಿಂತುಕೊಂಡೇ ಹೇಳಿದ. ಸುಧಾ ಹಿಂದೆ ಕಳಿಸಿದ ಫೋಟೋಗಳೇನಾದರೂ ಅವರಲ್ಲಿ ಇದ್ದರೆ ಕೊಡಬೇಕೆಂದು ಕೇಳಿಕೊಂಡ.

ಕಾಂತಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿ ಕಣ್ಣೆತ್ತಿದರು.

"ಪರವಾಗಿಲ್ಲ ಬಿಡು ಅಂತ ನಾನು ಹೇಳಲ್ಲಪ್ಪ. ಅವನು ನನ್ನ ಮಗ," ಎಂದರು. ಒಳಗೆ ಹೋಗಿ ಕಾಫಿಯನ್ನೂ ತಮ್ಮ ಫೋನನ್ನೂ ತಂದು ಅವನ ಮುಂದಿಟ್ಟರು. "ಸುಧಾ ಕಳ್ಸಿದ್ದು ಎಲ್ಲಾ ಇದೆ ಇದರಲ್ಲಿ. ನಂಗೆ ಕಳ್ಸೋಕೆ ಬರಲ್ಲ, ನೀನೇ ಕಳ್ಸ್ಕೋ."

ಹಾಗಾಗಿ ಒಂದೊಂದು ಫೋಟೋವನ್ನೂ ನಾಗಾರ್ಜುನ ತನ್ನ ಕಣ್ಣಿನಿಂದಲೇ ನೋಡಬೇಕಾಯಿತು. ಮದುವೆಯದು, ಗೃಹಪ್ರವೇಶದ್ದು, ಯಾರದೋ ನಾಮಕರಣದ್ದು. ಆಮೇಲೆ ಒಂದರಲ್ಲಿ ಸುಧಾ ಕೆಸರು ಮೆತ್ತಿದ ಸ್ಕೂಟರಿನ ಮೇಲೆ ಕೀರ್ತಿಕುಮಾರನ ದೊಗಲೆ ರೇನ್‌ಕೋಟು ತೊಟ್ಟು, ತಲೆ ಹಿಂದಕ್ಕೆ ವಾಲಿಸಿ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾಗಾರ್ಜುನ ಒಮ್ಮೆಯೂ ಕಂಡಿರಲಿಲ್ಲ. ಅವನಿಗೆ ಎದೆಯಿಂದ ಕಿವಿಯವರೆಗೂ ಉರಿದುಹೋಯಿತು. ಇದೊಂದನ್ನು ಕಳಿಸಿಕೊಳ್ಳದೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕಾಂತಮ್ಮ ಕಾಯಿ ಸುಲಿಯುವುದರಲ್ಲೇ ಇದ್ದರು. ಅವನ ಬೆರಳು ಬಹಳ ಹೊತ್ತು ಹಾಗೆಯೇ ನಿಂತಿತು. ಕೊನೆಗೆ ಅದನ್ನೂ ಕಳಿಸಿಕೊಂಡ.

ಮನೆಗೆ ಬಂದು ತನ್ನ ಫೋನನ್ನು ಸುಧಾಳ ಕೈಗೆ ಕೊಟ್ಟು ಎಲ್ಲಿಗೆ ಹೋಗಿದ್ದೆನೆಂದು ಹೇಳಿದ. ಅವಳು ಮೊದಲು ಕೇಳಿದ್ದು ಕಾಂತಮ್ಮನ ಮಂಡಿನೋವಿನ ಬಗ್ಗೆ. ಅದನ್ನು ವಿಚಾರಿಸಲು ತನಗೆ ತೋಚಲಿಲ್ಲವೆಂದು ಅವನು ಒಪ್ಪಿಕೊಂಡ. ಅವಳು ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕುತ್ತಾ ಸ್ಕೂಟರಿನದು ಬಂದಾಗ ನಿಂತಳು.

"ಅಲ್ಲಿ ಯಾಕೆ ಅಷ್ಟು ನಗ್ತಿದ್ದೆ?" ಎಂದು ನಾಗಾರ್ಜುನ ಕೇಳಿದ.

ಸುಧಾ ಅವನ ಮುಖ ನೋಡಿದಳು, ನಿಜವಾಗಿಯೂ ಕೇಳುತ್ತಿದ್ದಾನೆಯೇ ಎಂಬಂತೆ. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕ ತೆಗೆದು ಅವನಿಗೆ ಜಾಗ ಮಾಡಿದಳು. ಸೋಮವಾರಪೇಟೆಯ ದಾರಿಯಲ್ಲಿ ಸ್ಕೂಟರು ಕೆಸರಿನಲ್ಲಿ ಹೂತುಹೋದದ್ದು, ತಳ್ಳಲು ಬಂದವರೂ ಜಾರಿ ಬಿದ್ದದ್ದು, ಎಲ್ಲವನ್ನೂ ಹೇಳತೊಡಗಿದಳು. ಹೇಳುತ್ತಾ ಅವಳಿಗೇ ನಗು ಬಂತು. ನಾಗಾರ್ಜುನನ ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಆದರೂ ಅವಳು ಮಾತು ನಿಲ್ಲಿಸಿದಾಗ, "ಆಮೇಲೆ?" ಎಂದ.