ಸೋಪಿನ ಡಬ್ಬಿಯ ಹಸಿರು

ಸೋಪು ಮಾಡಿಸುವ ಹೆಂಗಸು ಎರಡು ಖಾಲಿ ಡಬ್ಬಿಗಳನ್ನು ಪ್ರೆಸ್ಸಿನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗಲೇ ಮಾವನಿಗೆ ವಿಷಯ ಗೊತ್ತಾಯಿತು. ಹಳೆಯದು ಎಳೆ ಎಲೆಯ ಹಸಿರು. ಹೊಸದು ಪಾಚಿ ಕಟ್ಟಿದ ಹಾಗೆ.

"ಅಂಗಡಿಯವರು ನಕಲಿ ಮಾಲು ಅಂತ ವಾಪಸ್ ಕಳಿಸ್ತಿದ್ದಾರೆ. ನನ್ನ ಹಸಿರಿಗೆ ಏನು ರೋಗ ಬಂತು?"

ಪ್ರೆಸ್ಸಿನ ಯಜಮಾನರು ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆಯತ್ತ ತಿರುಗಿದರು. ಯಜಮಾನರ ಸೊಸೆಯಲ್ಲ, ಅಲ್ಲೇ ಬಣ್ಣದ ಕೆಲಸ ನೋಡುವ ಮಾವನ ಸೊಸೆ. ಅವಳು ಕರೆಯುವುದನ್ನು ಕೇಳಿ ಕೇಳಿ ಯಜಮಾನರ ಬಾಯಲ್ಲೂ ಅವನು ಮಾವನೇ ಆಗಿದ್ದ.

"ಏನಮ್ಮಾ, ಬಣ್ಣದ ಪಟ್ಟಿ ಮುಟ್ಟಬೇಡ ಅಂತ ಮಾವ ಬಡ್ಕೊಂಡಿರಲಿಲ್ವಾ?"

ಬಡಿದುಕೊಂಡದ್ದು ನಿಜ. ಕಂಪನಿಗಳ ಗುರುತಿನ ಬಣ್ಣಗಳಿಗೆ ಒಂದೊಂದು ಹೆಸರು; ಆ ಹೆಸರು ಬಂದರೆ ಯಾವ ಶಾಯಿ ಎಷ್ಟು ಬೀಳಬೇಕೆಂಬುದು ಯಂತ್ರದ ಪಟ್ಟಿಯಲ್ಲಿರುತ್ತದೆ. "ಅದು ಎಲ್ಲರೂ ನೀರು ಸೇದೋ ಬಾವಿ ಕಣಮ್ಮ. ಒಬ್ಬ ಗಿರಾಕಿಗೆ ರುಚಿ ಬೇರೆ ಬೇಕಾದ್ರೆ ಅವನ ಚೊಂಬಲ್ಲಿ ಬೆರೆಸು, ಬಾವೀಲಿ ಅಲ್ಲ," ಎಂದು ಮಾವನೇ ಕಲಿಸಿದ್ದ. ಅಂದರೆ, ಪಟ್ಟಿಯ ಬಣ್ಣವನ್ನು ಬೇರೆ ಹೆಸರಲ್ಲಿ ಪ್ರತಿ ಮಾಡಿಕೊಂಡು ಆ ಪ್ರತಿಯನ್ನಷ್ಟೇ ತಿದ್ದಬೇಕು ಎಂದು.

ಆದರೆ ಹೋದ ತಿಂಗಳು ಬೀಜದ ವ್ಯಾಪಾರಿಯೊಬ್ಬ ತಲೆಯ ಮೇಲೆ ನಿಂತು "ಇನ್ನೂ ಸ್ವಲ್ಪ ಗಾಢ, ಇನ್ನೂ ಸ್ವಲ್ಪ" ಎಂದು ಪೀಡಿಸಿದಾಗ, ಮಾವ ಬಾವಿಗೇ ಸುರಿದಿದ್ದ, ಪಟ್ಟಿಯ ಹಸಿರನ್ನೇ ತಿದ್ದಿಬಿಟ್ಟಿದ್ದ. ಸೋಪಿನದೂ ಅದೇ ಹೆಸರಿನ ಹಸಿರು ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ. ಸೊಸೆ ಅವತ್ತು ತವರಿಗೆ ಹೋಗಿದ್ದಳು.

ಅವಳು ಮಾವನ ಮುಖ ನೋಡಿದಳು. ಮಾವ ಡಬ್ಬಿ ನೋಡಿದ.

"ತಪ್ಪಾಯ್ತು ಸರ್," ಎಂದಳು ಅವಳು.

"ಇನ್ಮೇಲೆ ಬಣ್ಣ ಮಾವ ಒಬ್ರೇ ನೋಡ್ಲಿ. ಮಾವ, ಇವಳ ಪಾಸ್‌ವರ್ಡ್ ತೆಗೆದುಬಿಡಿ."

ಸೊಸೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಅವಳ ಹೆಸರನ್ನು ಅಳಿಸುವ ಗುಂಡಿಯ ಮೇಲೆ ಮಾವನ ಬೆರಳು ನಿಂತಿತು; ಒತ್ತಲಾಗಲಿಲ್ಲ.

"ಪಟ್ಟಿ ಕೆಡಿಸಿದ್ದು ನಾನು," ಎಂದ.

ಯಜಮಾನರು ನಕ್ಕರು. "ನೋಡಿ ಮೇಡಂ, ಇಂಥ ಮಾವ ಎಲ್ರಿಗೂ ಸಿಗಲ್ಲ. ಸೊಸೆಗೋಸ್ಕರ ಸುಳ್ಳೂ ಹೇಳ್ತಾರೆ."

ಹೆಂಗಸು ಮೆಚ್ಚಿಗೆಯಿಂದ ತಲೆಯಾಡಿಸಿದಳು. ಆ ಮೆಚ್ಚಿಗೆ ಮಾವನಿಗೆ ಕೆನ್ನೆಗೆ ಹೊಡೆದಂತಾಯಿತು. ಸುಮ್ಮನಿದ್ದರೆ ದೊಡ್ಡ ಮನುಷ್ಯನೇ ಆಗಿಬಿಡುತ್ತಿದ್ದ.

"ಸುಳ್ಳಲ್ಲ ಯಜಮಾನ್ರೇ. ಬೀಜದವನ ಕೆಲಸಕ್ಕೆ ತಿದ್ದಿದ್ದು. ಅವತ್ತು ಇವಳು ರಜೆ. ನೀವೇ ಕೊಟ್ಟಿದ್ರಲ್ಲ."

ಯಜಮಾನರ ನಗು ಇಳಿಯಿತು. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಹಗುರವಾಗುತ್ತಿತ್ತು. "ಹಂಗಾದ್ರೆ ನಿಮ್ಮ ಪಾಸ್‌ವರ್ಡ್ ತೆಗೀರಿ," ಎಂದಷ್ಟೇ ಹೇಳಿ ಹೆಂಗಸನ್ನು ಒಳಗೆ ಕರೆದೊಯ್ದರು.

ಸೊಸೆ ಹಳೆಯ ಅಳತೆಯನ್ನು ಪಟ್ಟಿಗೆ ಮರಳಿಸಿ ಸೋಪಿನ ಡಬ್ಬಿಗಳನ್ನು ಮತ್ತೆ ಅಚ್ಚಿಗೆ ಹಾಕಿದಳು. ಕೆಟ್ಟ ಹಸಿರಿನ ಉಳಿದ ಖಾಲಿ ಡಬ್ಬಿಗಳು ಯಾರ ಕೈಗೂ ಸಿಗದಂತೆ ಹರಿಯಬೇಕಿತ್ತು. ಮಾವ ಮೂಲೆಯಲ್ಲಿ ಕೂತು ಹರಿಯತೊಡಗಿದ. ಗಟ್ಟಿ ರಟ್ಟು, ಬೆರಳು ನೋಯುತ್ತಿತ್ತು.

ಯಂತ್ರ ಓಡುತ್ತಿರುವಾಗ ಸೊಸೆಯೂ ಬಂದು ಎದುರಿಗೆ ಕೂತು ಒಂದು ಡಬ್ಬಿ ಎತ್ತಿಕೊಂಡಳು.

"ಬಿಡಮ್ಮ, ನಾನು ಮಾಡ್ತೀನಿ."

"ಕೆಡಿಸಿದ್ದಕ್ಕೆ ನಂಗೇನೂ ಬೇಜಾರಿಲ್ಲ ಮಾವ," ಎಂದಳು ತಲೆಯೆತ್ತದೆ. "ನಾನು ನಿಮ್ಮ ಮುಖ ನೋಡಿದೆನಲ್ಲ, ಆಗ್ಲೇ ನೀವು ಹೇಳಬಹುದಿತ್ತು."

ಮಾವ ಮುಂದಿನ ಡಬ್ಬಿ ತೆಗೆದುಕೊಂಡ.